ಕಂಬಳಿಗುಡ್ಡಕ್ಕೆ ಮೂವತ್ತೆಂಟು

ಕಂಬಳಿಗುಡ್ಡದ ಬುಡ,
ಹಡಗಲಿ ತಾಲ್ಲೂಕು
22 ಜೂನ್ 2025, ಭಾನುವಾರ

ಪ್ರೀತಿಯ ಲೀಲಾ,

ನಿನಗೂ ನಿಮ್ಮ ಮನೆಯವರಿಗೂ ನಮಸ್ಕಾರ. ತೊಟ್ಟಿಲಲ್ಲಿರುವ ರಾಣಿಗೆ ಮುತ್ತು. ಮೊದಲು ನನ್ನನ್ನು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಎಲ್ಲರಿಗಿಂತ ಮೊದಲು ಬಂದು ಕೂರುತ್ತೇನೆ ಎಂದವಳು ನಾನು. ಹಡಗಲಿಯಿಂದ ಕೊಟ್ಟೂರು ಎಷ್ಟರ ದೂರ? ಆದರೂ ಬರಲಿಲ್ಲ, ನಿನ್ನ ಫೋನೂ ಎತ್ತಲಿಲ್ಲ. ಎತ್ತಿದ್ದರೆ ನೀನು ನಡುವೆ ನಡುವೆ ಬಾಯಿ ಹಾಕುತ್ತಿದ್ದೆ, ನಾನು ಅಳುತ್ತಿದ್ದೆ, ಯಾವುದೂ ಪೂರ್ತಿಯಾಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಜಗಳವಾದಾಗ ದಿಂಬಿನ ಕೆಳಗೆ ಚೀಟಿ ಇಡುತ್ತಿದ್ದೆವಲ್ಲ, ಇದೂ ಹಾಗೆಯೇ ಎಂದುಕೋ. ಮಗುವಿಗೆ ಪ್ರಿಯಾ ಎಂದು ಹೆಸರಿಟ್ಟಿರಂತೆ. ನಾನಿದ್ದಿದ್ದರೆ ಇನ್ನೊಂದು ಹೆಸರಿಗೆ ಹಟ ಹಿಡಿಯುತ್ತಿದ್ದೆ. ಬಾರದೇ ಇದ್ದದ್ದು ಆ ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡು.

ಇನ್ನು ಸುತ್ತಿ ಬಳಸುವುದಿಲ್ಲ. ಈ ವರ್ಷ ನಮ್ಮ ಗುಡ್ಡದಲ್ಲಿ ಕಾರ್ಣಿಕ ಆಗಲಿಲ್ಲ. ಅಪ್ಪ ಬಿಲ್ಲು ಏರಿದ, ಮಾತು ಬರಲಿಲ್ಲ, ಇಳಿದು ಬಂದ.

ನೀನು ನೋಡಿದ್ದೀ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ. ಪಿಯುಸಿಯಲ್ಲಿ ಜ್ವರವೆಂದು ವಾರ್ಡನ್ನಿಗೆ ಸುಳ್ಳು ಹೇಳಿ, ಕಾರಹುಣ್ಣಿಮೆಯ ಹಿಂದಿನ ಭಾನುವಾರ ನಮ್ಮೂರಿಗೆ ಬಂದಿದ್ದೆಯಲ್ಲ. ಮೈಲಾರದ ದೊಡ್ಡ ಕಾರ್ಣಿಕ ಟೀವಿಯಲ್ಲಿ ಬರುತ್ತದೆ. ನಮ್ಮದು ಸುತ್ತಲ ಏಳೆಂಟು ಹಳ್ಳಿಯವರದ್ದು, ಟೀವಿಯವರಿಗೆ ಇಲ್ಲಿಯ ದಾರಿಯೂ ಗೊತ್ತಿಲ್ಲ. ಗೊರವಪ್ಪನಾದ ನಮ್ಮಪ್ಪ ಉಪವಾಸವಿದ್ದು, ಕಂಬಳಿಯ ನಿಲುವಂಗಿ ತೊಟ್ಟು, ಕರಡಿ ಕೂದಲ ಟೊಪ್ಪಿಗೆ ಇಟ್ಟುಕೊಂಡು, ಹೊತ್ತು ಮುಳುಗುವಾಗ ಗುಡ್ಡದ ನೆತ್ತಿಯಲ್ಲಿ ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಏರುತ್ತಾನೆ. ತುದಿಗೆ ಹೋಗಿ 'ಸದ್ದಲೇ!' ಎನ್ನುತ್ತಾನೆ. ಅಷ್ಟಕ್ಕೇ ಅಷ್ಟೂ ಜನ ಉಸಿರು ಹಿಡಿಯುತ್ತಾರೆ. ಆ ನಿಶ್ಶಬ್ದದಲ್ಲಿ ಮೈಲಾರಲಿಂಗನ ಒಂದು ಮಾತು ಅವನ ಬಾಯಿಗೆ ಬರುತ್ತದೆ, ಮಳೆಯದೋ ಬೆಳೆಯದೋ, ಒಂದೇ ಒಂದು ಸಾಲು. ನುಡಿದವನೇ ಮೇಲಿನಿಂದ ಬೀಳುತ್ತಾನೆ. ಕೆಳಗೆ ಕಂಬಳಿ ಹಿಡಿದು ನಿಂತವರು ಹಿಡಿದುಕೊಳ್ಳುತ್ತಾರೆ. ಆ ವರ್ಷ ಸರಿಯಾಗಿ ಆ ಹೊತ್ತಿಗೇ ನಿನಗೆ ಬಿಕ್ಕಳಿಕೆ ಹತ್ತಿತು, ನಮ್ಮವ್ವ ಸೆರಗನ್ನು ಉಂಡೆ ಮಾಡಿ ನಿನ್ನ ಬಾಯಿಗೆ ತುರುಕಿದಳು. ಅಪ್ಪ ನುಡಿದದ್ದು 'ಒಣ ಹುತ್ತಕ್ಕೆ ಹೂವು ಮುಡಿಸೀತಲೇ ಪರಾಕ್' ಎಂದು. ಆ ವರ್ಷ ನಿಜಕ್ಕೂ ಹುತ್ತದ ಮೇಲೂ ಹಸಿರು ಬಂದಿತ್ತು.

ಇನ್ನೊಂದು ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ 'ಸದ್ದಲೇ' ಎಂದ ಕೂಡಲೇ ಗಾಳಿಯೂ ನಿಲ್ಲುತ್ತದೆ. ಊರವರಿಗೆ ಅದೊಂದು ಹೆಮ್ಮೆ. "ಗಾಳಿ ಸೈತ ಕೇಳ್ತೈತಿ ನಮ್ಮ ಪಾಲಾಕ್ಷಪ್ಪನ ಮಾತ" ಎನ್ನುತ್ತಾರೆ. ಹೊತ್ತು ಮುಳುಗುವಾಗ ನೆಲದ ಹತ್ತಿರದ ಗಾಳಿ ತಾನಾಗಿಯೇ ಬೀಳುತ್ತದೆ ಎಂದು ಎಂಜಿನಿಯರಿಂಗ್ ಓದಿದ ಮೇಲೆ ನನಗೆ ತಿಳಿಯಿತು. ತಿಳಿದದ್ದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿ ಏನು ಗಳಿಸಬೇಕಾಗಿತ್ತು?

ನನ್ನ ಕೆಲಸವನ್ನು ನೀನು ಇವತ್ತಿಗೂ 'ಫ್ಯಾನ್ ಕಂಪನಿ' ಎನ್ನುತ್ತೀ. ಕಂಪನಿ ಬೇರೆ, ನಾವು ಬೇರೆ ಮಾರಾಯ್ತಿ. ಗಾಳಿಯಂತ್ರ ನೆಡುವವರು ಅವರು. ಅದಕ್ಕೂ ಮೊದಲು ಅದು ಯಾವ ಮನೆಗೆ ಎಷ್ಟು ಕೇಳಿಸುತ್ತದೆ ಎಂದು ದಾವಣಗೆರೆಯ ಒಂದು ಸಣ್ಣ ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕೊಡುವವರು ನಾವು. ಗುಡ್ಡದ ಏರಿಳಿತ, ಯಂತ್ರದ ಎತ್ತರ, ರೆಕ್ಕೆಯ ಸದ್ದು, ನೆಲ ಗಟ್ಟಿಯೋ ಮೆತ್ತಗೋ, ಎಲ್ಲ ತುಂಬಿದರೆ ಪರದೆಯ ಮೇಲೆ ಊರಿನ ನಕ್ಷೆಗೆ ಬಣ್ಣ ಬರುತ್ತದೆ. ಯಂತ್ರದ ಬುಡ ಕೆಂಪು, ಆಚೆ ಹಳದಿ, ಇನ್ನೂ ಆಚೆ ಹಸಿರು. ಇನ್ನೂ ಹುಟ್ಟದ ಸದ್ದನ್ನು ಮೊದಲೇ ಹೇಳುವ ಕೆಲಸ. ಅಪ್ಪ ವರ್ಷಕ್ಕೊಮ್ಮೆ ಮಾಡುವುದನ್ನು ನಾನು ತಿಂಗಳ ಸಂಬಳಕ್ಕೆ ಮಾಡುತ್ತೇನೆ ಎಂದು ನೀನೇ ಒಮ್ಮೆ ತಮಾಷೆ ಮಾಡಿದ್ದೆ.

ನಮ್ಮೂರಿನ ಲೆಕ್ಕವೂ ನನ್ನ ಟೇಬಲ್ಲಿಗೇ ಬಂತು. ಮನೆ, ಶಾಲೆ, ಆಸ್ಪತ್ರೆ, ಇಂಥವಕ್ಕೆ ಮಾತ್ರ ಲೆಕ್ಕ ಹಾಕಬೇಕೆಂಬುದು ರೂಢಿ. ಗುಡ್ಡದ ನೆತ್ತಿಯಲ್ಲಿ ಏನಿದೆ? ಬಿಲ್ಲು ನೆಡುವ ಒಂದು ಕುಳಿ, ಭಂಡಾರದ ಅರಿಸಿನ ಹಚ್ಚಿದ ಒಂದು ಕಲ್ಲು. ಆದರೂ ಯಾರೂ ಕೇಳದಿದ್ದರೂ ನಾನೇ ಅಲ್ಲೊಂದು ಚುಕ್ಕೆ ಇಟ್ಟು 'ಕಂಬಳಿಗುಡ್ಡ' ಎಂದು ಬರೆದೆ. ಮೂವತ್ತೆಂಟು ಡೆಸಿಬಲ್ ಬಂತು. ರಾತ್ರಿ ಮನೆಗಳಿಗೆ ಮಿತಿಯೇ ನಲವತ್ತೈದು. ಹಸಿರು ಬಣ್ಣ. ಎಷ್ಟು ಖುಷಿಯಾಯಿತೆಂದರೆ ಆ ನಕ್ಷೆಯನ್ನು ಹಿಡಿದುಕೊಂಡು ಊರಿಗೇ ಬಂದು ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ತೋರಿಸಿದೆ. ಗುಡಿಯ ಹಿರಿಯರಾದ ಕೊಟ್ರಬಸಪ್ಪಜ್ಜ ಕೇಳಿದರು, "ಮೂವತ್ತೆಂಟು ಅಂದ್ರ ಎಷ್ಟವ್ವ? ನಮಗ ತಿಳಿಯಂಗ ಹೇಳು." ಫ್ರಿಜ್ಜಿನಷ್ಟು ಎಂದೆ. "ಫ್ರಿಜ್ ಎಲ್ಲಿ ಸಪ್ಪಳ ಮಾಡ್ತೈತಿ!" ಎಂದು ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಮಗಳು ಎಲ್ಲರ ಮುಂದೆ ನಿಂತು ಬಣ್ಣದ ನಕ್ಷೆ ತೋರಿಸುತ್ತಿದ್ದಾಳೆ ಎಂಬುದೇ ಅವನಿಗೆ ದೊಡ್ಡದಾಗಿತ್ತು.

ಚಳಿಗಾಲದಲ್ಲಿ ಯಂತ್ರಗಳು ಎದ್ದು ನಿಂತವು. ಗುಡ್ಡಕ್ಕೆ ಹತ್ತಿರದ್ದು ಹದಿನೇಳನೆಯದು. ಮೇ ತಿಂಗಳಲ್ಲಿ ಗಾಳಿ ಎದ್ದ ಮೇಲೆ ಊರಿಗೆ ಬಂದಿದ್ದೆ. ಅಪ್ಪನ ಜೊತೆ ಕುರಿ ತಿರುಗಿಸಿಕೊಂಡು ಬರಲು ಸಂಜೆ ಗುಡ್ಡ ಹತ್ತಿದೆ. ಹೊತ್ತು ಮುಳುಗಿತು, ಎಂದಿನಂತೆ ಗಾಳಿ ಬಿತ್ತು, ಹುಲ್ಲಿನ ಒಂದು ಎಸಳೂ ಅಲ್ಲಾಡಲಿಲ್ಲ. ಆದರೆ ಮೇಲೆ, ಆ ಎತ್ತರದಲ್ಲಿ, ಗಾಳಿ ಬಿದ್ದಿರಲಿಲ್ಲ. ಹದಿನೇಳನೆಯದು ತಿರುಗುತ್ತಲೇ ಇತ್ತು. ಊಂಶ್, ಊಂಶ್ ಎಂದು, ಯಾರೋ ಪಕ್ಕದಲ್ಲೇ ಮಲಗಿ ಉಸಿರಾಡುತ್ತಿರುವ ಹಾಗೆ. ಜೋರೇನಲ್ಲ, ನಮ್ಮನೆ ಫ್ರಿಜ್ಜಿಗಿಂತ ಹೆಚ್ಚಿರಲಿಕ್ಕಿಲ್ಲ. ಆದರೆ ಅಲ್ಲಿ ಬೇರೆ ಏನೂ ಇರಲಿಲ್ಲವಲ್ಲ, ಅದೊಂದೇ ಇತ್ತು. ಮೇಲೆ ಗಾಳಿ ಇದ್ದರೆ ಕೆಳಗೂ ಇರುತ್ತದೆ, ಕಿವಿಯ ಹತ್ತಿರದ ಗಾಳಿಯಲ್ಲಿ ಇಷ್ಟು ಸದ್ದು ಮುಚ್ಚಿಹೋಗುತ್ತದೆ ಎಂಬುದು ನಮ್ಮ ಆಫೀಸಿನವರೆಲ್ಲ ನಂಬಿಕೊಂಡ ಮಾತು. ಆ ಗುಡ್ಡದ ಮೇಲೆ ಆ ಒಂದು ಹೊತ್ತಿನಲ್ಲಿ ಅದು ನಿಜವಲ್ಲ.

ಅಪ್ಪ ಬಹಳ ಹೊತ್ತು ನಿಂತು ಕೇಳಿದ. "ಬೂಮವ್ವ, ಅದು ಸುಮ್ಕ ಇರಂಗಿಲ್ಲೇನು?" ಎಂದ.

"ಕಾರ್ಣಿಕದ ದಿನ ಒಂದು ತಾಸು ನಿಲ್ಲಸಾಕ ಹೇಳ್ತೀನಿ ತಗಳಪ್ಪ" ಎಂದೆ.

ಹೇಳುವುದೇನೋ ಹೇಳಿದೆ. ಆ ಒಂದು ತಾಸಿಗಾಗಿ ನಾನು ಯಾರ ಕಾಲು ಹಿಡಿಯಲಿಲ್ಲ ಕೇಳು. ಸೈಟಿನ ಎಂಜಿನಿಯರ್ ಅರುಣ್ ಕುಮಾರ್ ಹರಪನಹಳ್ಳಿಯ ಹುಡುಗ, ಕಾರ್ಣಿಕ ಎಂದರೇನು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಯಂತ್ರ ನಿಲ್ಲಿಸುವ ಗುಂಡಿ ಅವನ ಕೈಯಲ್ಲಿಲ್ಲ. ಅದು ಇನ್ಯಾವುದೋ ರಾಜ್ಯದ ಊರಿನಲ್ಲಿ, ನೂರಾರು ಯಂತ್ರಗಳನ್ನು ಒಂದೇ ಕೋಣೆಯಿಂದ ನೋಡಿಕೊಳ್ಳುವವರ ಹತ್ತಿರ ಇದೆ. "ಮೇಡಂ, ಕಾರಣ ಏನಂತ ಬರೀಲಿ ಹೇಳ್ರಿ. ಸದ್ದು ಅಂತ ಬರದ್ರೆ ನಿಮ್ಮ ರಿಪೋರ್ಟ್ ತೆಗೆದು ಮುಂದೆ ಇಡ್ತಾರೆ. ಮೂವತ್ತೆಂಟು ಅಂತ ನೀವೇ ಸಹಿ ಮಾಡೀರಲ್ಲ" ಎಂದ. ಬಿಸಿ ತುಪ್ಪ ಎಂದರೆ ಇದೇ ನೋಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಪಾಪ ಅವನೇ ಏನೋ ರಿಪೇರಿ ಎಂದು ಬರೆದು ಸಂಜೆ ಆರರಿಂದ ಏಳರವರೆಗೆ ಹದಿನೇಳನೆಯದನ್ನು ನಿಲ್ಲಿಸಲು ಒಪ್ಪಿಗೆ ತಂದ. ಉಳಿದವು ದೂರದವು, ಅವುಗಳ ಸದ್ದು ನೆತ್ತಿಯವರೆಗೆ ಬರುವುದಿಲ್ಲ. ಏಳರೊಳಗೆ ಹೊತ್ತು ಮುಳುಗುತ್ತದೆ, ಸಾಕು ಎಂದುಕೊಂಡೆ. ರಿಪೇರಿಯ ಸುಳ್ಳು ಹೊರಬಿದ್ದರೆ ಅರುಣ್ ಕುಮಾರನ ನೌಕರಿಗೆ ಕುತ್ತು. ಅದಕ್ಕೆ ಊರಲ್ಲಿ ಯಾರಿಗೂ ಹೇಳಬೇಡವೆಂದು ಅಪ್ಪನಿಗೂ ಹೇಳಿದೆ.

ಆ ಭಾನುವಾರ ಬಿಲ್ಲು ಹೊತ್ತ ಮೆರವಣಿಗೆ ಹೊಲದ ದಾರಿ ಹಿಡಿದು ಹೊರಟಿತು. ಡೋಲು, ಡಮರು, 'ಏಳುಕೋಟಿ ಏಳುಕೋಟಿ ಏಳುಕೋಟಿಗೋ', ಮುಗಿಲಿಗೆ ಹಾರುವ ಭಂಡಾರ. ಗುಡ್ಡಕ್ಕೆ ಹೋಗುವ ದಾರಿ ಈಗ ಹದಿನೇಳನೆಯದರ ಬುಡದಲ್ಲೇ ಹಾದು ಹೋಗುತ್ತದೆ. ಮೆರವಣಿಗೆ ಅಲ್ಲಿಗೆ ಬರುವುದಕ್ಕೂ ಆರು ಗಂಟೆಯಾಗುವುದಕ್ಕೂ ಸರಿಹೋಯಿತು. ಎಲ್ಲರ ಕಣ್ಣ ಮುಂದೆ ಆ ಮೂರು ರೆಕ್ಕೆಗಳು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇಬಿಟ್ಟವು.

ಒಂದು ಗಳಿಗೆ ಡೋಲೂ ನಿಂತಿತು. ಆಮೇಲೆ ಯಾರೋ ಕೂಗಿದರು, "ನಿಂತೈತಲೇ! ಮೈಲಾರಲಿಂಗಗ ಅಂಜಿ ನಿಂತೈತಿ!" ಆ ಕೂಗಾಟವನ್ನು ನಿನಗೆ ಹೇಗೆ ಹೇಳಲಿ. ಹೆಂಗಸರು ಕಣ್ಣೀರು ಒರೆಸಿಕೊಂಡರು. ಗಂಡಸರು ಓಡಿ ಹೋಗಿ ಯಂತ್ರದ ಬಿಳಿ ಕಂಬಕ್ಕೆ ಕೈ ಎಟುಕುವಷ್ಟು ಎತ್ತರಕ್ಕೂ ಭಂಡಾರ ಬಳಿದರು. ದೇವರ ಮುಂದೆ ತಲೆಬಾಗಿದ್ದನ್ನು ಹಾಗೇ ಬಿಟ್ಟು ಹೋಗುವುದುಂಟೇ? ಬಿಲ್ಲನ್ನು ಅಲ್ಲೇ ಇಳಿಸಿದರು. ಕಾಯಿ ಒಡೆಯಲು ಸಾಲು ನಿಂತಿತು. ಒಂದೊಂದು ಮನೆಯವರದೂ ಒಂದೊಂದು ಕಾಯಿ.

ಲೀಲಾ, ನಾನು ಅಲ್ಲೇ ಇದ್ದೆ. ಗಡಿಯಾರ ನೋಡುತ್ತಾ ನಿಂತಿದ್ದೆ. ಇಡೀ ಜಾತ್ರೆಯಲ್ಲಿ ಆ ತಾಸು ಖರ್ಚಾಗುತ್ತಿರುವುದು ಅಪ್ಪನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪ ಅಷ್ಟು ಹೊತ್ತಿಗಾಗಲೇ ಮೌನ ಹಿಡಿದಿದ್ದ, ಬಿಲ್ಲು ಏರುವ ದಿನ ಅವನು ಯಾರ ಜೊತೆಗೂ ಮಾತಾಡುವ ಹಾಗಿಲ್ಲ, ಯಾರೂ ಅವನನ್ನು ಮಾತಾಡಿಸುವ ಹಾಗೂ ಇಲ್ಲ. ಜನರ ನಡುವೆ ನುಗ್ಗಿ ಕೊಟ್ರಬಸಪ್ಪಜ್ಜನ ತೋಳು ಹಿಡಿದೆ. "ಅಜ್ಜಾರ, ಲಗೂನ ಮ್ಯಾಲೆ ಹೋಗೂನ್ರಿ. ಏಳಕ್ಕ ಇದು ಮತ್ತ ಶುರು ಆಗ್ತೈತ್ರಿ."

ಅವರು ನನ್ನ ಹಣೆಗೂ ಭಂಡಾರ ಹಚ್ಚಿದರು. ಎಷ್ಟು ಸಂತೋಷವಾಗಿತ್ತು ಗೊತ್ತೇ ಆ ಮುಖ! "ಹುಚ್ಚವ್ವ, ದೇವರು ನಿಲ್ಲಿಸಿದ್ದನ್ನ ಯಾವನು ಶುರು ಮಾಡ್ತಾನ?" ಎಂದರು.

ದೇವರಲ್ಲ, ಅರುಣ್ ಕುಮಾರ ಎನ್ನಬೇಕಾಗಿತ್ತೇನೋ. ಅಂದಿದ್ದರೂ ಆ ಡೋಲಿನಲ್ಲಿ ಯಾರಿಗೆ ಕೇಳಿಸುತ್ತಿತ್ತು?

ಬಿಲ್ಲು ನೆತ್ತಿಗೆ ಮುಟ್ಟಿ, ಕುಳಿಯಲ್ಲಿ ನಿಂತು, ಎಣ್ಣೆ ಪೂಜೆ ಮುಗಿಯುವ ಹೊತ್ತಿಗೆ ಸೂರ್ಯ ಹೋಗಿ ಬರೀ ಬೆಳಕು ಉಳಿದಿತ್ತು. ನಾನು ಕಲ್ಲಿನ ಹಿಂದೆ ಹೋಗಿ ಫೋನು ಹಚ್ಚಿದೆ. ಅರುಣ್ ಕುಮಾರ್ ಆ ಕಡೆಯಿಂದ ಬೇಡಿಕೊಳ್ಳುತ್ತಿದ್ದ, ನನ್ನನ್ನಲ್ಲ, ಇನ್ನೊಂದು ಫೋನಿನಲ್ಲಿ ಆ ಕೋಣೆಯವರನ್ನು, ಹಿಂದಿಯಲ್ಲಿ. ಆಮೇಲೆ ನನಗೆ ಹೇಳಿದ, "ಮೇಡಂ, ಆಗಲ್ವಂತೆ. ಕೊಟ್ಟ ಟೈಮ್ ಮುಗೀತಂತೆ. ಮತ್ತೆ ಬೇಕಂದ್ರೆ ಹೊಸದಾಗಿ ಕೇಳಬೇಕಂತೆ." ಅವನ ದನಿಯೂ ಅಳುವ ಹಾಗಿತ್ತು. ನಾನು ತಿರುಗಿ ನೋಡಿದೆ. ಅಪ್ಪ ಬಿಲ್ಲಿನ ಅರ್ಧದಲ್ಲಿದ್ದ. ಆಚೆ ರೆಕ್ಕೆಗಳು ಆಗಲೇ ಹೊರಳುತ್ತಿದ್ದವು.

'ಸದ್ದಲೇ!' ಎಂದ ಅಪ್ಪ.

ಜನ ಸುಮ್ಮನಾದರು. ಮಕ್ಕಳ ಬಾಯಿಗೆ ತಾಯಂದಿರ ಕೈ ಬಂತು. ಗಾಳಿಯೂ ಬಿತ್ತು. ಊಂಶ್, ಊಂಶ್.

ಅಪ್ಪ ಕಾದ. ಒಂದು ಸಲಕ್ಕಿಂತ ಹೆಚ್ಚು ಆ ಮಾತನ್ನು ಅವನು ಯಾವ ವರ್ಷವೂ ಹೇಳಿದ್ದಿಲ್ಲ. ಮತ್ತೆ 'ಸದ್ದಲೇ!' ಎಂದ. ಜನ ಗಾಬರಿಯಾಗಿ ಅಕ್ಕಪಕ್ಕ ನೋಡಿದರು, ಯಾರು ಕೆಮ್ಮಿದರು, ಯಾರ ಫೋನು ಎಂದು. ಅವ್ವ ಅಭ್ಯಾಸಬಲದಿಂದ ನನ್ನ ಬಾಯಿಗೆ ಸೆರಗು ಹಿಡಿದಳು. ಮೂರನೆಯ ಸಲ ಅಪ್ಪ ಕೂಗಿದಾಗಲೇ ನಮಗೆ ಗೊತ್ತಾಗಿದ್ದು, ಅವನು ಜನರ ಕಡೆ ನೋಡುತ್ತಲೇ ಇರಲಿಲ್ಲ. ಮುಖ ತಿರುಗಿಸಿ ಹದಿನೇಳನೆಯದರ ಕಡೆ ಕೂಗುತ್ತಿದ್ದ. ಅರವತ್ತು ದಾಟಿದ ಮನುಷ್ಯ, ಹೊಟ್ಟೆಯಲ್ಲಿ ಅನ್ನವಿಲ್ಲ, ಒಂದು ಕೈಯಲ್ಲಿ ಬಿಲ್ಲು ಹಿಡಿದು ನೇತಾಡುತ್ತಾ ಒಂದು ಯಂತ್ರಕ್ಕೆ ಸುಮ್ಮನಿರು ಎಂದು ಹೇಳುತ್ತಿದ್ದ. ಗಂಟಲು ಒಡೆಯುವವರೆಗೂ ಹೇಳಿದ.

ಆಮೇಲೆ ಇಳಿದ. ಗೊರವಪ್ಪ ಬಿಲ್ಲಿನಿಂದ ಬೀಳಬೇಕು, ಇಳಿಯಬಾರದು. ಅಪ್ಪನ ಅಪ್ಪ, ಅವರಪ್ಪ, ಯಾರೂ ಇಳಿದವರಲ್ಲ. ಕಂಬಳಿ ಹಿಡಿದವರು ಹಿಡಿದೇ ನಿಂತಿದ್ದರು. ಅಪ್ಪ ಒಂದೊಂದೇ ಕಾಲು ಇಡುತ್ತಾ, ಮನೆಯ ಅಟ್ಟದಿಂದ ಇಳಿಯುವ ಹಾಗೆ ಇಳಿದು, ಅವರ ಪಕ್ಕದಲ್ಲೇ ಹಾದು ಹೋದ. ಅಪ್ಪನನ್ನು ನೋಡಲಾಗದೆ ಜನರೇ ತಲೆ ತಗ್ಗಿಸಿದರು.

ಮರುದಿನ ಆಫೀಸಿನಿಂದ ಸದ್ದು ಅಳೆಯುವ ಮೀಟರ್ ತರಿಸಿದೆ. ನನ್ನ ಲೆಕ್ಕ ತಪ್ಪಿರಲಿ ದೇವರೇ ಎಂದು ಬೇಡಿಕೊಂಡು ಗುಡ್ಡ ಹತ್ತಿದೆ, ನಗಬೇಡ. ತಪ್ಪಿದ್ದರೆ ಕಂಪನಿಗೆ ಬರೆಯಬಹುದಿತ್ತು, ಜಗಳವಾಡಬಹುದಿತ್ತು, ಯಂತ್ರಕ್ಕೆ ಸಂಜೆ ಹೊತ್ತು ಮೂಗುದಾರ ಹಾಕಿಸಬಹುದಿತ್ತು. ದಿನವೂ ಸಂಜೆ ಅಳೆದೆ. ಮೂವತ್ತೆಂಟು. ಒಂದು ದಿನ ಮೂವತ್ತೊಂಬತ್ತು, ಆಮೇಲೆ ಮತ್ತೆ ಮೂವತ್ತೆಂಟು. ನಮ್ಮ ಸಾಹೇಬರು ಫೋನಿನಲ್ಲಿ "ವೆರಿ ಗುಡ್ ಭೂಮಿಕಾ, ಇಷ್ಟು ಕರೆಕ್ಟಾಗಿ ಯಾರದ್ದೂ ಬಂದಿಲ್ಲ" ಎಂದರು. ಫೋನನ್ನು ಬಂಡೆಗೆ ಬೀಸಿ ಒಗೆಯಬೇಕೆನ್ನಿಸಿತು.

ಊರವರು ನನ್ನನ್ನು ಎದುರಿಗೆ ಏನೂ ಅನ್ನುವುದಿಲ್ಲ. ಹಿಂದೆ ಅನ್ನುತ್ತಾರೆ. ದೇವರ ಬಾಯಿಗೆ ಮಗಳೇ ಬೀಗ ಹಾಕಿದಳು ಅಂತ. ಅವ್ವ ನೀರಿಗೆ ಹೋದಲ್ಲಿ ಕೇಳಿಸಿಕೊಂಡು ಬಂದು ಎರಡು ದಿನ ಒಲೆಯ ಮುಂದೆ ಗೊಣಗಿದಳು. "ಗಾಳೆಮ್ಮ ಅಂತ ಗಾಳಿದೇವಿ ಹೆಸರು ಇಟಗಂಡು ಏನು ಮಾಡಿದೆ ನಾನು, ಒಂದು ಗಾಳಿ ಹಿಡಿಯಾಕ ಆಗಲಿಲ್ಲ" ಎಂದು ತನ್ನನ್ನೇ ಬೈದುಕೊಂಡಳು. ಅಪ್ಪ ಅವಳನ್ನು ಕರೆಯುವುದೂ 'ಗಾಳಿ' ಎಂದೇ. ಕೊಟ್ರಬಸಪ್ಪಜ್ಜ ಮಾತ್ರ ಮನೆಗೆ ಬಂದು ಅಪ್ಪನ ಮುಂದೆ ಕೂತು ಸುಮ್ಮನೆ ಅತ್ತು ಹೋದರು. ಹೊಲ ಹರಗಿಟ್ಟವರು ಬಿತ್ತಲು ಕೈ ಹಾಕುತ್ತಿಲ್ಲ. ಮೆಕ್ಕೆಜೋಳ ಹಾಕಬೇಕೋ ಸಜ್ಜೆಯೋ, ಈಗಲೋ ಮುಂದಿನ ಮಳೆಗೋ, ಆ ಒಂದು ಸಾಲು ಕೇಳಿಕೊಂಡೇ ಕೂರಿಗೆ ಕಟ್ಟಿದವರು ಇವರು. ಮುಂದಿನ ವರ್ಷಕ್ಕೆ ನಿಲ್ಲಿಸಿ ಎಂದು ಈಗಲೇ ಅರ್ಜಿ ಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ಏನು ಬರೆದೆ ಗೊತ್ತೇ? ಏನೂ ಹೊಳೆಯದೆ 'ದೇವರು ಮಾತಾಡುತ್ತಾನೆ' ಎಂದು ಬರೆದೆ. ಉತ್ತರ ಬಂದಿಲ್ಲ, ಬರುವುದೂ ಇಲ್ಲ.

ಸರಿ, ಎಳೆಗೂಸಿನ ತಾಯಿಗೆ ಇಷ್ಟೆಲ್ಲ ಬರೆಯಬಾರದು, ಹಾಲು ಬತ್ತುತ್ತದೆ ಎಂದು ಅವ್ವ ಬೈಯುತ್ತಿದ್ದಾಳೆ. ಲಕೋಟೆಯೊಳಗೆ ಒಂದು ಚಿಟಿಕೆ ಭಂಡಾರ ಇಟ್ಟಿದ್ದೇನೆ, ಪ್ರಿಯಾಳ ಹಣೆಗೆ ಹಚ್ಚು. ಅವಳು ಗಟ್ಟಿಯಾಗಿ ಅಳಲಿ, ಗಟ್ಟಿಯಾಗಿ ನಗಲಿ, ನೂರು ಕಾಲ ಬಾಳಲಿ. ನಿನ್ನ ಬಾಣಂತನ ಮುಗಿಯುವುದರೊಳಗೆ ಬಂದು ಅವಳನ್ನು ತೊಡೆಯ ಮೇಲೆ ಹಾಕಿಕೊಂಡೇ ತೀರುತ್ತೇನೆ. ಅತ್ತೆಮಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಭೂಮಿ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಅಪ್ಪ ಆ ದಿನದಿಂದ ಮಾತು ಕಡಿಮೆ ಮಾಡಿದ್ದ, ಅದನ್ನು ನಿನಗೆ ಬರೆಯಲಿಲ್ಲ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗ ತಾನಾಗಿಯೇ ಬಂದ. ಕೈಕಾಲು ತೊಳೆದುಕೊಂಡಿದ್ದ. ಜನ ಅವನ ಮುಂದೆ ಬಂದು ಕೂರುತ್ತಾರಲ್ಲ, ಹಾಗೇ ಲ್ಯಾಪ್‌ಟಾಪಿನ ಮುಂದೆ ನೆಲದ ಮೇಲೆ ಕೂತು ಕೈ ಮುಗಿದ. "ಬೂಮವ್ವ, ನಿನ್ನ ಪೆಟ್ಟಿಗಿ ಮುಂದಾಗೋದು ಹೇಳ್ತೈತಿ ಅಂತಿದ್ದೆಲ್ಲ. ಅದು ಹೇಳಿದ್ದು ಹೇಳಿದಂಗ ಆತು, ನಾನೂ ನೋಡೀನಿ. ಈ ವರ್ಷದ ಮಳಿ ಹೆಂಗ ಐತಿ, ಅದನ್ನ ಕೇಳು. ಜನ ಬೀಜ ಹಿಡಕಂಡು ಕುಂತಾರ. ನನಗಂತೂ ಬರಲಿಲ್ಲ" ಎಂದ. ಅಪ್ಪ, ಇದು ಸದ್ದು ಬಿಟ್ಟು ಬೇರೆ ಏನೂ ಹೇಳುವುದಿಲ್ಲ ಎನ್ನಲು ಬಾಯಿ ತೆರೆದೆ. ನಾನು ತಡಮಾಡಿದ್ದಕ್ಕೆ ಅವನು ಬೇರೆಯದೇ ಕಾರಣ ತಿಳಿದುಕೊಂಡ. ಒಳಗೆ ಅವ್ವ ಮಿಕ್ಸಿ ಹಾಕಿದ್ದಳು. ಅಪ್ಪ ಆ ಕಡೆ ತಿರುಗಿ, ಒಡೆದ ಗಂಟಲಿನಲ್ಲಿ, ಮೆಲ್ಲಗೆ, "ಗಾಳಿ, ಸಪ್ಪಳ ಮಾಡಬ್ಯಾಡ. ಅದು ಹೇಳಲಿ" ಎಂದ. ಅವ್ವ ಮಿಕ್ಸಿ ನಿಲ್ಲಿಸಿದಳು. ಅಪ್ಪ ಕಣ್ಣು ಮುಚ್ಚಿ ಕಾಯತೊಡಗಿದ. ಲೀಲಾ, ನನಗೆ ಇಲ್ಲ ಎನ್ನಲೂ ಆಗಲಿಲ್ಲ, ಅದನ್ನು ಮುಚ್ಚಿ ಏಳಲೂ ಆಗಲಿಲ್ಲ.